ದಡ ಮುಟ್ಟಬಾರದ ದೋಣಿ

ಸಮುದ್ರದಲ್ಲಿ ಸಿಕ್ಕಿಹಾಕಿಕೊಳ್ಳಲು ಬಂದರು ಕಚೇರಿಯ ಪೂರ್ವಾನುಮತಿ ಕಡ್ಡಾಯ. ಅರ್ಜಿಯನ್ನು ಮೂರು ಪ್ರತಿಗಳಲ್ಲಿ, ಸಿಕ್ಕಿಹಾಕಿಕೊಳ್ಳುವ ದಿನಕ್ಕೆ ಕನಿಷ್ಠ ಹದಿನೈದು ದಿನ ಮುಂಚಿತವಾಗಿ ಸಲ್ಲಿಸತಕ್ಕದ್ದು. ಈ ನಿಯಮ ಹೆಚ್ಚಿನವರಿಗೆ ತಿಳಿಯದ ಕಾರಣ, ಜನ ಮನಸ್ಸಿಗೆ ಬಂದಾಗಲೆಲ್ಲ ಸಿಕ್ಕಿಹಾಕಿಕೊಂಡು ಕಚೇರಿಗೆ ತೊಂದರೆ ಕೊಡುತ್ತಿರುತ್ತಾರೆ.

ಆ ಚಿತ್ರತಂಡ ಮಾತ್ರ ನಿಯಮ ಮೀರಲಿಲ್ಲ. ನಡುಗಡಲಿನಲ್ಲಿ ಹನ್ನೊಂದು ದಿನ ಒಬ್ಬಳೇ ಜೀವ ಹಿಡಿದುಕೊಂಡಿರುವ ತಾಯಿಯ ಕಥೆ ಅವರದು. ತಂಡದ ಮ್ಯಾನೇಜರ್ ಕಚೇರಿಗೆ ಹೋಗಿ ಅರ್ಜಿ ತುಂಬಿದ. 'ದೋಣಿಯ ಉದ್ದೇಶ' ಎಂಬಲ್ಲಿ ಮೂರೇ ಚೌಕಗಳಿದ್ದವು: ಮೀನುಗಾರಿಕೆ, ಸರಕು ಸಾಗಣೆ, ಸಿಕ್ಕಿಹಾಕಿಕೊಂಡಿರುವುದು. ಸಿನಿಮಾ ಎಂಬ ಚೌಕ ಇರಲಿಲ್ಲ. ಮ್ಯಾನೇಜರ್ ಪ್ರಾಮಾಣಿಕ ಮನುಷ್ಯ. ಪೆನ್ನು ಕಚ್ಚಿಕೊಂಡು ಯೋಚಿಸಿ ಮೂರನೆಯದಕ್ಕೆ ಗುರುತು ಹಾಕಿದ. ಅವಧಿ, ಹನ್ನೊಂದು ದಿನ. ಜನ, ಒಬ್ಬರು.

ಆ ಒಬ್ಬರು ಟೇಲರಮ್ಮ. ತಂಡದ ಬಟ್ಟೆ ಹೊಲಿಯುವುದು, ಹರಿದದ್ದು ಸರಿಮಾಡುವುದು, ಸರಿಯಿದ್ದದ್ದನ್ನು ದೃಶ್ಯಕ್ಕೆ ತಕ್ಕಂತೆ ಹರಿಯುವುದು ಅವಳ ಕೆಲಸ. ನಾಯಕಿಗೆ ಉಪ್ಪುನೀರು ಒಗ್ಗುತ್ತಿರಲಿಲ್ಲವಾದ್ದರಿಂದ ಮುಖ ಕಾಣುವ ದೃಶ್ಯಗಳನ್ನೆಲ್ಲ ಸ್ಟುಡಿಯೋದ ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಆಗಲೇ ಮುಗಿಸಿ ಊರಿಗೆ ಹೋಗಿದ್ದಳು. ಬೆನ್ನು ಕಾಣುವ ದೃಶ್ಯಗಳು ಉಳಿದಿದ್ದವು. ಟೇಲರಮ್ಮನ ಬೆನ್ನು ನಾಯಕಿಯ ಬೆನ್ನಿನಂತೆಯೇ ಇದೆಯೆಂದು ನಿರ್ದೇಶಕ ಪತ್ತೆಹಚ್ಚಿದ್ದ.

"ಅರ್ಧ ದಿನದ ಕೆಲಸ ಅಕ್ಕ. ಸುಮ್ನೆ ಕೂತಿದ್ರೆ ಸಾಕು," ಎಂದ ಮ್ಯಾನೇಜರ್. ಕೂರುವುದಕ್ಕೂ ಕರೆದು ಕೂಲಿ ಕೊಡುವವರಿದ್ದಾರಲ್ಲ ಎಂದು ಟೇಲರಮ್ಮ ಹೊಲಿಗೆ ಚೀಲ ಸಮೇತ ದೋಣಿ ಹತ್ತಿದಳು.

ಹೇಳಿದಂತೆ ಅರ್ಧ ದಿನಕ್ಕೆ ಅವಳ ಬೆನ್ನಿನ ಕೆಲಸ ಮುಗಿಯಿತು. ಉಳಿದ ಹತ್ತು ದಿನ ಅಲೆ, ಹಕ್ಕಿ, ಸೂರ್ಯ ಇವುಗಳ ಚಿತ್ರೀಕರಣ. ಟೇಲರಮ್ಮ ಇಳಿಯಲೆಂದು ಒಂದು ಕಾಲು ಎತ್ತಿದಾಗ, ದಡದಲ್ಲಿದ್ದ ಬಂದರು ಕಚೇರಿಯ ಗುಮಾಸ್ತ ಕೈ ಮೇಲೆತ್ತಿ ತಡೆದ. ದೋಣಿ ಲಂಗರು ಹಾಕಿದ್ದ ಜಾಗದಲ್ಲಿ ನೀರು ಮೊಣಕಾಲಿಗೆ ಬರುತ್ತಿತ್ತು, ಉಬ್ಬರವಿದ್ದಾಗ ಸೊಂಟಕ್ಕೆ. ಗುಮಾಸ್ತ ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಕಡತ ತಲೆಯ ಮೇಲಿಟ್ಟುಕೊಂಡು ನೀರಲ್ಲಿ ನಡೆದು ಬಂದು ಅವಳಿಗೊಂದು ನೋಟಿಸು ಕೊಟ್ಟ. ಅದರಲ್ಲಿ ಹೀಗಿತ್ತು: 'ಸಮುದ್ರದ ಪರಿಸ್ಥಿತಿಯ ಕಾರಣ ತಮ್ಮನ್ನು ತಲುಪಲು ಯಾರಿಗೂ ಸಾಧ್ಯವಾಗಿಲ್ಲವೆಂದು ವಿಷಾದಪೂರ್ವಕವಾಗಿ ತಿಳಿಸಲಾಗಿದೆ.'

"ತಲುಪಿದೆ ಅಂತ ಇಲ್ಲೊಂದು ಸೈನ್ ಹಾಕಿ," ಎಂದ.

"ಸಾರ್, ನೀವೇ ನಡ್ಕೊಂಡು ಬಂದ್ರಲ್ಲ?"

"ನಾನು ನೋಟಿಸು ಕೊಡೋಕೆ ಬಂದಿದ್ದು. ಕಾಪಾಡೋ ವಿಭಾಗ ಬೇರೆ."

"ಹಾಗಾದ್ರೆ ನಾನೂ ನಿಮ್ಮ ಹಿಂದೇನೇ ಬಂದುಬಿಡ್ತೀನಿ."

"ಬಂದ್ರೆ ನೀವು ಸಿಕ್ಕಿಹಾಕ್ಕೊಂಡೇ ಇರ್ಲಿಲ್ಲ ಅಂತಾಗುತ್ತಮ್ಮ. ಸುಳ್ಳು ಅರ್ಜಿ ಆಗುತ್ತೆ. ಪರವಾನಗಿ ರದ್ದು, ಶೂಟಿಂಗ್ ಬಂದ್. ಕಾಪಾಡಿ ಅಂತ ಬೇಕಾದ್ರೆ ಅರ್ಜಿ ಕೊಡಬಹುದು. ನಾಲ್ಕನೇ ಕಿಟಕಿ. ಸಿಕ್ಕಿಹಾಕ್ಕೊಂಡವರು ಖುದ್ದಾಗಿ ಬಂದು ಕೊಡ್ಬೇಕು."

ಟೇಲರಮ್ಮ ದಡದತ್ತ ನೋಡಿದಳು. ಲೈಟಿನವರು, ಅಡುಗೆಯವರು, ಡ್ರೈವರುಗಳು, ಎಲ್ಲ ಸೇರಿ ನಲವತ್ತು ಜನ ಕೈಕಟ್ಟಿ ಅವಳನ್ನೇ ನೋಡುತ್ತ ನಿಂತಿದ್ದರು. ಈ ಚಿತ್ರ ನಿಂತರೆ ಅವರೆಲ್ಲರ ಕೆಲಸವೂ ನಿಂತಂತೆಯೇ. ಅವಳು ಎತ್ತಿದ ಕಾಲನ್ನು ಮತ್ತೆ ಒಳಗಿಟ್ಟಳು.

ಆದರೆ ಆ ದಿನ ಸೋಮವಾರ. ಶುಕ್ರವಾರ ನಾಲ್ಕು ಗಂಟೆಗೆ ಅವಳ ಎಂಟು ವರ್ಷದ ಮಗಳು ಶಾಲೆಯಲ್ಲಿ ಪದ್ಯ ಹೇಳುವವಳಿದ್ದಳು. ಕಳೆದೆರಡು ವರ್ಷವೂ ಹೇಳಿದ್ದಳು. ಎರಡು ಸಲವೂ ಟೇಲರಮ್ಮ ಎಲ್ಲೋ ಯಾರದೋ ಬಟ್ಟೆಗೆ ಗುಂಡಿ ಹೊಲಿಯುತ್ತಿದ್ದಳು. ಎರಡು ಸಲವೂ ಮಗಳು ಪದ್ಯದ ಏಳನೇ ಸಾಲು ಬಾರದೆ ನಿಂತುಬಿಟ್ಟಿದ್ದಳು. ಮನೆಯಲ್ಲಿ ಅಮ್ಮ ಎದುರಿಗೆ ಕೂತು ತುಟಿ ಆಡಿಸಿದರೆ ಮಾತ್ರ ಏಳನೇ ಸಾಲು ಹೊರಗೆ ಬರುತ್ತಿತ್ತು. ಈ ಸಲ ಮೊದಲ ಸಾಲಿನ ಕುರ್ಚಿಯಲ್ಲೇ ಕೂರುತ್ತೇನೆಂದು ಟೇಲರಮ್ಮ ಮಾತು ಕೊಟ್ಟಿದ್ದಳು.

ದಿನಗಳು ನಿಯಮಾನುಸಾರ ಕಳೆದವು. ಸಿಕ್ಕಿಹಾಕಿಕೊಂಡವರಿಗೆ ಹೊರಗಿನವರು ಆಹಾರ ಕೊಡುವಂತಿಲ್ಲವಾದ್ದರಿಂದ, ಊಟದ ಡಬ್ಬಿಗಳ ಮೇಲೆ 'ಚಿತ್ರೀಕರಣ ಸಾಮಗ್ರಿ' ಎಂಬ ಚೀಟಿ ಅಂಟಿಸಿ ಕಳಿಸಲಾಯಿತು. ಹಾಸಿಗೆ, ಹೊದಿಕೆ, ಬಿಸಿನೀರಿನ ಫ್ಲಾಸ್ಕು ಸಹ ಇದೇ ಹೆಸರಲ್ಲಿ ಹೋದವು. ಗುಮಾಸ್ತ ದಿನವೂ ಹನ್ನೊಂದಕ್ಕೆ ನೀರಲ್ಲಿ ನಡೆದು ಹೋಗಿ, ಅವಳು ಇನ್ನೂ ಪತ್ತೆಯಾಗಿಲ್ಲವೆಂದು ದಾಖಲಿಸಿಕೊಂಡು, ಒಂದು ಲೋಟ ಚಹಾ ಕುಡಿದು ಬರುತ್ತಿದ್ದ. ಬುಧವಾರ ಅವನ ಅಂಗಿಯ ಕಿಸೆ ಹರಿದಿದ್ದನ್ನು ಕಂಡು ಟೇಲರಮ್ಮ ಹೊಲಿದುಕೊಟ್ಟಳು.

ಸಂಜೆ ಶಾಲೆ ಬಿಟ್ಟಮೇಲೆ ಮಗಳು ದೊಡ್ಡಮ್ಮನ ಜೊತೆ ದಡಕ್ಕೆ ಬರುತ್ತಿದ್ದಳು. ನಿರ್ದೇಶಕನ ಮೈಕು ಹಿಡಿದು ಪದ್ಯ ಹೇಳುತ್ತಿದ್ದಳು. ಚಂದ್ರ ಕಾಣದೆ ಅಳುವ ಮಗುವಿನ ಪದ್ಯ, ಟೀಚರೇ ಬರೆದದ್ದು. 'ಎಲ್ಲಿ ಹೋದೆ ಎಂದು ಅತ್ತಿತು ಮಗು' ಎಂಬ ಆರನೇ ಸಾಲಿಗೆ ಬಂದು ನಿಂತಾಗ, ದೋಣಿಯಿಂದ ಟೇಲರಮ್ಮ ಕೂಗುತ್ತಿದ್ದಳು: 'ಇಲ್ಲೇ ಇದ್ದೆನಲ್ಲ ಎಂದಿತು ಚಂದ್ರ!' ನಾಲ್ಕು ಸಂಜೆಗೆ ಇಡೀ ತಂಡಕ್ಕೆ ಪದ್ಯ ಬಾಯಿಪಾಠವಾಯಿತು. ಮಗಳಿಗೂ ದೊಡ್ಡಮ್ಮನಿಗೂ ಮಾತ್ರ ಆಗಲಿಲ್ಲ.

"ಅಮ್ಮಾ, ನಾಳೆ ಬರ್ತೀಯ ತಾನೇ?" ಎಂದು ಗುರುವಾರ ಮೈಕಿನಲ್ಲಿ ಕೇಳಿತು ಮಗು.

"ಬರ್ತೀನಿ ಕಂದ," ಎಂದಳು ಟೇಲರಮ್ಮ. ಹೇಳಿದ ಮೇಲೆ ಹೋಗಲೇಬೇಕಲ್ಲ.

ಶುಕ್ರವಾರ ಮೂರು ಗಂಟೆಗೆ ಅವಳು ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ ನಿಂತಳು. "ಪರವಾನಗಿನೂ ಬೇಡ, ನಿಮ್ಮ ಸಿನಿಮಾನೂ ಬೇಡ. ಇವತ್ತು ಯಾರು ಅಡ್ಡ ಬಂದ್ರೂ ನಾನು ಕೇಳೋಳಲ್ಲ," ಎಂದು ಕೂಗಿದಳು. ಮ್ಯಾನೇಜರ್ ತಲೆ ಮೇಲೆ ಕೈಹೊತ್ತು ಮರಳಲ್ಲೇ ಕೂತುಬಿಟ್ಟ. ಗುಮಾಸ್ತ ನಿಯಮಾವಳಿ ತೆರೆದು ಗಟ್ಟಿಯಾಗಿ ಓದಿದ.

"ನಿಯಮ ಒಂಬತ್ತು. ಸಿಕ್ಕಿಹಾಕಿಕೊಂಡವರು ದೋಣಿಯಿಂದ ಇಳಿಯತಕ್ಕದ್ದಲ್ಲ. ನಿಯಮ ಹತ್ತು. ದೋಣಿ ದಡ ಮುಟ್ಟತಕ್ಕದ್ದಲ್ಲ."

"ಹನ್ನೊಂದು?" ಎಂದು ಕೇಳಿದ ಲೈಟಿನವರ ಮೇಸ್ತ್ರಿ.

"ಹನ್ನೊಂದು ಇಲ್ಲ. ಹತ್ತಕ್ಕೇ ಮುಗೀತು."

ಮೇಸ್ತ್ರಿ ತಲೆ ಕೆರೆದುಕೊಂಡ. "ಮುಟ್ಟಬಾರದು ಅಂತ ತಾನೇ ಇರೋದು? ನಾವು ಮುಟ್ಟಿಸೋದೇ ಇಲ್ಲ ಬಿಡಿ. ಹೆಗಲ ಮೇಲೆ ಹೊರ್ತೀವಿ."

ಗುಮಾಸ್ತ ಎರಡೂ ನಿಯಮಗಳನ್ನು ಮತ್ತೆ ಓದಿದ. ಕನ್ನಡಕ ತೆಗೆದು ಒರೆಸಿಕೊಂಡ. "ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ನಮ್ಮ ನಿಯಮಾವಳಿನ ಇಷ್ಟು ಗೌರವದಿಂದ ಓದಿದವರನ್ನ ನಾನು ನೋಡಿರಲಿಲ್ಲ," ಎಂದ.

ಹದಿನಾರು ಜನ ದೋಣಿಗೆ ಹೆಗಲು ಕೊಟ್ಟರು. ಟೇಲರಮ್ಮ ಅದರೊಳಗೆ ಹೊಲಿಗೆ ಚೀಲ ತಬ್ಬಿಕೊಂಡು ಕೂತಿದ್ದಳು. ಮುಂದೆ ಗುಮಾಸ್ತ, "ಸಿಕ್ಕಿಹಾಕ್ಕೊಂಡವರು ಬರ್ತಿದ್ದಾರೆ, ದಾರಿ ಬಿಡಿ!" ಎನ್ನುತ್ತ ನಡೆದ. ಜನ ದಾರಿ ಬಿಟ್ಟರು. ನಾಲ್ಕು ರಸ್ತೆ ಸೇರುವಲ್ಲಿ ಟ್ರಾಫಿಕ್ ಪೊಲೀಸ್ ತಡೆದು, ದೋಣಿಗಳಿಗೆ ಇಲ್ಲಿ ಬಲಕ್ಕೆ ತಿರುಗಲು ಅವಕಾಶವಿಲ್ಲವೆಂದ. ಆದ್ದರಿಂದ ಮೂರು ಸಲ ಎಡಕ್ಕೆ ತಿರುಗಿ ಮುಂದೆ ಹೋದರು. ಗಡಿಯಾರದಂಗಡಿಯ ಮುಂದೆ ಹಾದಾಗ ಟೇಲರಮ್ಮ ಕಣ್ಣು ಮುಚ್ಚಿಕೊಂಡಳು. ನಾಲ್ಕು ಹೊಡೆದು ಆಗಿತ್ತು.

ಶಾಲೆಯ ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ. "ವಾಹನಗಳನ್ನ ಒಳಗೆ ಬಿಡಲ್ಲ."

"ಇದು ಇಲ್ಲಿಲ್ಲ," ಎಂದ ಗುಮಾಸ್ತ, ಕಾಗದ ತೋರಿಸಿ. "ಸಮುದ್ರದಲ್ಲಿದೆ."

ಕಾವಲುಗಾರ ಮೊಹರು ನೋಡಿ ಸೆಲ್ಯೂಟ್ ಹೊಡೆದು ಗೇಟು ತೆರೆದ.

ಮೈದಾನದ ವೇದಿಕೆಯ ಮೇಲೆ ಮಗಳು ನಿಂತಿದ್ದಳು. ಆರನೇ ಸಾಲು ಮುಗಿದಿತ್ತು. ಮೊದಲ ಸಾಲಿನ ಖಾಲಿ ಕುರ್ಚಿಯನ್ನೇ ನೋಡುತ್ತ, ಫ್ರಾಕಿನ ಅಂಚು ಮುದ್ದೆ ಮಾಡುತ್ತ ನಿಂತಿದ್ದಳು. ದೊಡ್ಡಮ್ಮ ಆ ಕುರ್ಚಿಯ ಪಕ್ಕದಲ್ಲಿ ಕೂತು ತನಗೆ ಬಾರದ ಸಾಲಿಗೆ ಬರೀ ತುಟಿ ಆಡಿಸುತ್ತಿದ್ದಳು. ಟೇಲರಮ್ಮ ದೋಣಿಯಲ್ಲಿ ಎದ್ದು ನಿಂತು ಬಾಯಿ ತೆರೆದಳು.

ಅವಳು ಕೂಗುವ ಮೊದಲೇ ಕೆಳಗಿನಿಂದ, ಹದಿನಾರು ಜನ, ಬೆವರು ಸುರಿಸುತ್ತ, ಒಟ್ಟಿಗೆ ಹೇಳಿದರು: "ಇಲ್ಲೇ ಇದ್ದೆನಲ್ಲ ಎಂದಿತು ಚಂದ್ರ!" ಗುಮಾಸ್ತನ ದನಿ ಎಲ್ಲರಿಗಿಂತ ಜೋರಾಗಿತ್ತು.

ಮಗಳು ತಲೆ ಎತ್ತಿದಳು. ಎಲ್ಲರ ತಲೆಗಳ ಮೇಲೆ ಒಂದು ದೋಣಿ, ದೋಣಿಯಲ್ಲಿ ಅಮ್ಮ. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ, ಅಮ್ಮ ಬರುತ್ತೇನೆಂದಿದ್ದಳು, ಬಂದಿದ್ದಳು. ಉಳಿದ ಸಾಲುಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಟೇಲರಮ್ಮ ಅತ್ತಳು. ಹೊರಗಿನವರು ಹೇಳಿಕೊಟ್ಟ ಕಾರಣಕ್ಕೆ ತೀರ್ಪುಗಾರರು ಒಂದು ಅಂಕ ಕಳೆದರು. ದೋಣಿ ಅಡ್ಡವಾಗಿ ವೇದಿಕೆ ಕಾಣದ ಹಿಂದಿನ ಸಾಲಿನವರು, ಮುಂದಿನ ವರ್ಷದಿಂದ ದೋಣಿಯಲ್ಲಿ ಬರುವ ಪೋಷಕರಿಗೆ ಪಕ್ಕದಲ್ಲಿ ಪ್ರತ್ಯೇಕ ವ್ಯವಸ್ಥೆ ಮಾಡಬೇಕೆಂದು ಮನವಿ ಕೊಟ್ಟರು. ಮುಖ್ಯೋಪಾಧ್ಯಾಯಿನಿ ಅದನ್ನು ಪರಿಶೀಲಿಸುವುದಾಗಿ ತಿಳಿಸಿದರು.

ಅದೇ ಸಂಜೆ ದೋಣಿಯನ್ನು ಸಮುದ್ರಕ್ಕೆ ಹಿಂತಿರುಗಿಸಲಾಯಿತು. ಹನ್ನೊಂದನೇ ದಿನ ಕಾಪಾಡುವ ವಿಭಾಗದ ಇಬ್ಬರು ಬಂದು, ಮೊಣಕಾಲುದ್ದದ ನೀರಿನಲ್ಲಿ ಟೇಲರಮ್ಮನ ಕೈಹಿಡಿದು ನಡೆಸಿಕೊಂಡು ದಡಕ್ಕೆ ತಂದರು. ನಲವತ್ತು ಜನ ಚಪ್ಪಾಳೆ ತಟ್ಟಿದರು. ಕಾಪಾಡಲ್ಪಟ್ಟವರನ್ನು ಸಂಬಂಧಿಕರಿಗೆ ರಸೀದಿ ಪಡೆದು ಒಪ್ಪಿಸಬೇಕಾದ್ದರಿಂದ ಗುಮಾಸ್ತ ಪುಸ್ತಕ ತೆರೆದ.

"ನಾನು ಸೈನ್ ಮಾಡ್ತೀನಿ," ಎಂದಳು ಮಗಳು.

"ನಿನಗಿನ್ನೂ ಹದಿನೆಂಟಾಗಿಲ್ಲ ಪುಟ್ಟಿ. ನಿನ್ನ ಪರವಾಗಿ ಪೋಷಕರು ಮಾಡ್ಬೇಕು. ನಿನ್ನ ಪೋಷಕರು ಯಾರು?"

ಮಗಳು ಅಮ್ಮನ ಕಡೆ ಬೆರಳು ತೋರಿಸಿದಳು. ಗುಮಾಸ್ತ ಪುಸ್ತಕವನ್ನು ಟೇಲರಮ್ಮನತ್ತ ತಿರುಗಿಸಿದ. ಅವಳು ಮಗಳ ಪರವಾಗಿ ತನ್ನನ್ನು ತಾನು ಸ್ವೀಕರಿಸಿ ಸಹಿ ಹಾಕಿದಳು. ರಸೀದಿಯಲ್ಲಿ ಹೀಗಿತ್ತು: 'ತಾಯಿ, ಒಂದು. ಒದ್ದೆ. ಉಳಿದಂತೆ ಸುಸ್ಥಿತಿಯಲ್ಲಿದೆ.'

ಗುಮಾಸ್ತ ಮೊಹರು ಒತ್ತಿ, ಗುಲಾಬಿ ಬಣ್ಣದ ಪ್ರತಿಯನ್ನು ಹರಿದು ಮಗಳ ಕೈಗಿಟ್ಟ. "ಜೋಪಾನವಾಗಿ ಇಟ್ಕೋ. ಇನ್ಮೇಲೆ ಇವರು ನಿನ್ನ ವಶದಲ್ಲಿದ್ದಾರೆ."

ಚಿತ್ರ ತೆರೆಕಂಡು ಓಡಿತು. ಕಡಲಿನಲ್ಲಿ ಕಳೆದುಹೋದ ತಾಯಿಯ ಬೆನ್ನು ಯಾಕೋ ತೀರ ನೆಮ್ಮದಿಯಿಂದ ಕೂತಂತಿದೆ ಎಂದು ಕೆಲವರು ಆಕ್ಷೇಪಿಸಿದ್ದು ಬಿಟ್ಟರೆ ಎಲ್ಲರೂ ಹೊಗಳಿದರು. ಮರುವರ್ಷ ಮ್ಯಾನೇಜರ್ ಹೊಸ ಚಿತ್ರಕ್ಕೆಂದು ಟೇಲರಮ್ಮನ ಮನೆಗೆ ಬಂದ. ಬೆಟ್ಟದ ತುದಿ, ಅರ್ಧ ದಿನದ ಕೆಲಸ, ಬರುವ ಶುಕ್ರವಾರ.

ಬಾಗಿಲು ತೆರೆದ ಮಗಳು, "ಅವತ್ತು ನಮ್ಮ ಸ್ಕೂಲಲ್ಲಿ ಪದ್ಯ ಇದೆ," ಎಂದು ಪೆನ್ಸಿಲ್ ಡಬ್ಬಿಯಿಂದ ಗುಲಾಬಿ ರಸೀದಿ ತೆಗೆದು ತೋರಿಸಿದಳು.

ಮ್ಯಾನೇಜರ್ ಅದನ್ನು ಮೇಲಿನಿಂದ ಕೆಳಗೆ ಓದಿದ. ಹಿಂದೆ ತಿರುಗಿಸಿ ನೋಡಿದ. ಮೊಹರು ಸರಿಯಾಗಿತ್ತು, ಸಹಿಯೂ ಸರಿಯಾಗಿತ್ತು. ಕಾಗದವನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿ, ಚಪ್ಪಲಿ ಮೆಟ್ಟಿಕೊಂಡು, ಇನ್ನೊಂದು ಬೆನ್ನು ಹುಡುಕಲು ಹೊರಟುಹೋದ.