ಇನ್ನೂರಿಪ್ಪತ್ತು ವ್ಯಾಟ್

ಮನುಷ್ಯನಿಗೆ ಕೆಟ್ಟ ಚಟವಿದ್ದರೆ ಬಿಡಿಸಲು ಹತ್ತು ಜನ ಓಡಿ ಬರುತ್ತಾರೆ. ಒಳ್ಳೆಯ ಅಭ್ಯಾಸವಿದ್ದರೆ ಅದರಿಂದ ಅವನನ್ನು ಕಾಪಾಡುವವರು ಯಾರೂ ಇಲ್ಲ. ನನಗೆ ಅಂಥದೊಂದು ಒಳ್ಳೆಯ ಅಭ್ಯಾಸವಿದೆ. ಇಚಲಕರಂಜಿ ಪಕ್ಕದ ಕೊರೋಚಿಯಲ್ಲಿ ಮೂವತ್ತು ವರ್ಷದಿಂದ ನಾನು ಜಾಬರ್, ಅಂದರೆ ಪವರ್‌ಲೂಮ್ ಮಗ್ಗಗಳನ್ನು ಹದಕ್ಕೆ ತರುವವನು. ಒಬ್ಬ ಜಾಬರ್ ಹೊಂದಿಸಿಟ್ಟ ಮಗ್ಗಕ್ಕೆ ಅವನನ್ನು ಕೇಳದೆ ಇನ್ನೊಬ್ಬ ಪಾನಾ ಹಚ್ಚಿ ಒಂದು ನಟ್ಟನ್ನೂ ತಿರುಗಿಸಬಾರದು. ಹಚ್ಚಿದವನ ಜೊತೆ ನಾವು ಚಹಾ ಕೂಡ ಕುಡಿಯುವುದಿಲ್ಲ. ಈ ಮರ್ಯಾದೆಯೇ ಈಚೆಗೆ ನನ್ನ ಪ್ರಾಣಕ್ಕೆ ಬಂದಿತ್ತು.

ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ, ದಿನಾ ನಡೆಯಿರಿ ಎಂದು ಇಚಲಕರಂಜಿಯ ಡಾಕ್ಟರು ಹೇಳಿದ್ದರು. ನಡೆಯಲು ಹೊರಟರೆ ದಾರಿಯಲ್ಲಿ ನಾಲ್ಕು ಶೆಡ್, ನಾಲ್ಕೂ ಕಡೆ ಪರಿಚಯ, ನಾಲ್ಕೂ ಕಡೆ ಸಕ್ಕರೆ ಸುರಿದ ಚಹಾ. ಇದು ಗೊತ್ತಾಗಿ, ಗಡಹಿಂಗ್ಲಜ್‌ಗೆ ಕೊಟ್ಟ ಮಗಳು ರೂಪಾ ನಿಂತಲ್ಲೇ ತುಳಿಯುವ ಸೈಕಲ್ಲೊಂದನ್ನು ತಂದು ಪಡಸಾಲೆಯಲ್ಲಿ ನಿಲ್ಲಿಸಿ, ಮುಂದೆ ಟ್ಯಾಬ್ ಕೂರಿಸಿ ಹೋದಳು. ನಾನು ಶೆಡ್ಡಿನಿಂದ ಬರುವಷ್ಟರಲ್ಲಿ ಅವಳು ಬಸ್ ಹತ್ತಿಯಾಗಿತ್ತು. ತುಳಿಯುವವನ ಶಕ್ತಿ ನೋಡಿ ಯಂತ್ರವೇ ಗುರಿ ಇಡುತ್ತದೆ ಎಂದು ಫೋನಿನಲ್ಲಿ ತಿಳಿಸಿದಳು. ಪರದೆಯ ಮೇಲೆ ಎರಡು ಅಂಕಿ. ಮೇಲಿನದು ನಾವು ಹಾಕಬೇಕಾದ ಶಕ್ತಿ, ಕೆಳಗಿನದು ಹಾಕುತ್ತಿರುವ ಶಕ್ತಿ, ಎರಡೂ ವ್ಯಾಟ್‌ನಲ್ಲಿ. ಗುರಿ ಮುಟ್ಟಿದರೆ ಕೆಳಗಿನದು ಹಸಿರು, ಇಲ್ಲದಿದ್ದರೆ ಕೆಂಪು.

ಮೇಲೆ ಇನ್ನೂರಿಪ್ಪತ್ತು ಅಂತ ಇತ್ತು. ನನ್ನದು ಎಪ್ಪತ್ತರ ಹತ್ತಿರ ಏದುಸಿರು ಬಿಡುತ್ತಿತ್ತು. ಮೂರು ವಾರ ಹಸಿರನ್ನೇ ಕಾಣಲಿಲ್ಲ. ಒಂದು ದಿನ ಹಲ್ಲು ಕಚ್ಚಿ ನೂರಾಹತ್ತಕ್ಕೆ ಏರಿಸಿದೆ. ಕಣ್ಣು ಕತ್ತಲೆ ಬಂದು ನೆಲದ ಮೇಲೆ ಕೂತೆ. ಹೆಂಡತಿ ಸುಮಿತ್ರಾ ಬಂದು ಕೇಳಿದಾಗ ಚಪ್ಪಲಿ ಹುಡುಕುತ್ತಿದ್ದೇನೆ ಎಂದೆ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಂಬಿ ಬದುಕಿದವನು ನಾನು. ಗುರಿಯ ಮೂರನೇ ಒಂದು ಪಾಲೂ ಬರುತ್ತಿಲ್ಲವೆಂದರೆ ಎದೆಯೇ ಸವೆದಿರಬೇಕು ಅನ್ನಿಸಿತು. ನಿಜವಾಗಿ ಹೆದರಿದೆ. ಕೊಲ್ಹಾಪುರದಲ್ಲಿ ಹೃದಯದ ಡಾಕ್ಟರು ಯಾರಿದ್ದಾರೆಂದು ಗುಟ್ಟಾಗಿ ವಿಚಾರಿಸಿದೆ. ಯಾವ ಕೀಲಿಕೈ ಯಾವ ಬೀಗದ್ದು ಎಂದು ಹೆಂಡತಿಗೆ ತೋರಿಸತೊಡಗಿದೆ.

"ಯಾಕ್ರೀ, ಎಲ್ಲಿಗರೆ ಹೊಂಟೀರೇನು?" ಎಂದಳು ಸುಮಿತ್ರಾ. ಕೀಲಿಕೈ ಗೊಂಚಲು ಕೆಳಗಿಟ್ಟೆ. ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಫೋನ್ ಮಾಡಿದ ಮರುದಿನವೇ ರೂಪಾ ಬಂದಳು. ನನ್ನನ್ನು ಸೈಕಲ್ ಹತ್ತಿಸಿ ಪರದೆ ನೋಡಿದವಳು ನನ್ನನ್ನು ಇಳಿಸಿ, ತಾನು ಗೋಡೆಗೆ ಒರಗಿ ನಗತೊಡಗಿದಳು.

"ಅಪ್ಪಾ, ಈ ಗುರಿ ನಿಂದಲ್ಲ, ಮಾರುತಿದು. ಸೈಕಲ್ಲ ಬರೋಬರ್ ಕುಂತೈತೋ ಇಲ್ಲೋ ನೋಡಾಕ ಅವತ್ತ ಅವನ್ನ ಹತ್ತಸಿದ್ದೆ. ಬ್ಯಾರೆ ಹೆಸರ ಒತ್ತಿ ನಿಂದು ಮಾಡ್ಕೋಬೇಕಿಲ್ಲೋ?"

"ನೀ ಹೊಂದಿಸಿಟ್ಟಿದ್ದಕ್ಕ ನಿನ್ನ ಕೇಳದ ನಾ ಹೆಂಗ ಕೈ ಹಚ್ಚಲವಾ?" ಎಂದೆ.

ಮಾರುತಿ ನನ್ನ ಅಕ್ಕನ ಮಗ. ಕೊಲ್ಹಾಪುರದ ತಾಲೀಮಿನಲ್ಲಿ ಕುಸ್ತಿ ಆಡುವ ಪೈಲ್ವಾನ; ಅವನು ಊಟಕ್ಕೆ ಬರುವ ದಿನ ಸುಮಿತ್ರಾ ಬೆಳಿಗ್ಗೆಯೇ ರೊಟ್ಟಿ ಬಡಿಯಲು ಕೂರುತ್ತಾಳೆ. ಮೂರು ವಾರ ನಾನು ಅವನ ತೊಡೆಗಳ ಜೊತೆ ಜಿದ್ದಿಗೆ ಬಿದ್ದಿದ್ದೆ! ಎದೆಯ ಮೇಲಿನ ಕಲ್ಲು ಇಳಿಯಿತು. ರೂಪಾ ನನ್ನ ಹೆಸರು ಹಾಕಿ ಅಳೆದಳು, ಗುರಿ ಅರವತ್ತೈದು ಬಂತು. ಮರುದಿನ ತುಳಿಯಲು ಕೂತು ಎರಡು ನಿಮಿಷಕ್ಕೆ ಹಸಿರು ಕಂಡಾಗ, ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿ ಬಂತು.

ಈಗ ಆರಾಮಾಗಿದ್ದೇನೆ. ಆದರೆ ಹೆಸರು ಬದಲಾಯಿಸುವುದನ್ನು ರೂಪಾ ನನಗೂ ಕಲಿಸಿ ಹೋಗಿದ್ದಾಳೆ. ನೆಂಟರು ಬರುವ ಸುದ್ದಿ ಸಿಕ್ಕರೆ ಮಾರುತಿಯ ಹೆಸರು ಒತ್ತಿ, ಕೊರಳಿಗೆ ಟವೆಲ್ ಹಾಕಿಕೊಂಡು ಸೈಕಲ್ಲಿನ ಪಕ್ಕದಲ್ಲಿ ನಿಲ್ಲುತ್ತೇನೆ. ಕಳೆದ ಭಾನುವಾರ ನೇಸರಿಯಿಂದ ಬಂದ ಸುಮಿತ್ರಾಳ ತಮ್ಮ ಇನ್ನೂರಿಪ್ಪತ್ತನ್ನು ನೋಡಿದ, ನನ್ನನ್ನು ನೋಡಿದ. "ಭಾಳ ತಾಕತ್ ಐತ್ರಿ ಮಾಮಾ. ಒಂದೀಟ ತುಳದ ತೋರಸ್ರಿ," ಎಂದ.

ದಿನಕ್ಕೆ ಒಂದೇ ಸಲ ಎಂದು ಡಾಕ್ಟರು ಹೇಳಿದ್ದಾರೆ, ಈಗಷ್ಟೇ ಇಳಿದೆ ಎಂದು ಒಣ ಹಣೆಯನ್ನು ಒರೆಸಿಕೊಂಡೆ. ಅಡುಗೆಮನೆಯಲ್ಲಿ ಸುಮಿತ್ರಾ ನಕ್ಕದ್ದು ಕೇಳಿಸಿತು. ಪುಣ್ಯಕ್ಕೆ ಹೊರಗೆ ಬರಲಿಲ್ಲ.