ಅಪ್ಪ ಅನ್ನಿಸಿಕೊಳ್ಳುವ ಪಾಡು

ಯಾರಿಗೂ ಆಗದ್ದೆಲ್ಲ ನನಗೇ ಯಾಕೆ ಆಗುತ್ತದೋ ಗೊತ್ತಿಲ್ಲ. ಮಗು ತನ್ನನ್ನು ‘ಅಪ್ಪ’ ಅನ್ನಲಿ ಅಂತ ವರ್ಷಗಟ್ಟಲೆ ಹೆಣಗಿದವನು ಲೋಕದಲ್ಲಿ ನಾನೊಬ್ಬನೇ ಇರಬೇಕು. ಐವತ್ತರ ದಶಕದ ಕೊನೆ. ಮೈಸೂರಿನ ನನ್ನನ್ನು ಕೇಂದ್ರ ಸರ್ಕಾರದ ಕಚೇರಿಯವರು ಕೊಚ್ಚಿಗೆ ವರ್ಗ ಮಾಡಿದ್ದರು.

೧. ರಾಯರ ನೋಟ್‌ಬುಕ್ಕು

ನಮ್ಮ ಹೆಡ್ ಕ್ಲಾರ್ಕ್ ರಾಯರು ಕಾಸರಗೋಡಿನವರು. ಅಪ್ಪನನ್ನು ಯಾರು ಏನೆಂದು ಕರೆಯುತ್ತಾರೆ, ಯಾಕೆ ಹಾಗೆ ಕರೆಯುತ್ತಾರೆ ಅಂತ ಬರೆದಿಡುವ ಹುಚ್ಚು ಅವರಿಗೆ. ಎಂಥ ಶ್ರದ್ಧೆ ಅಂತೀರಿ! ಊಟದ ಬಿಡುವಿನಲ್ಲಿ ಒಬ್ಬರನ್ನೂ ಬಿಡುತ್ತಿರಲಿಲ್ಲ. ಪ್ಯೂನ್ ‘ಅಚ್ಛನ್’ ಅಂದ, ಕ್ರಿಶ್ಚಿಯನ್ ಟೈಪಿಸ್ಟ್ ‘ಅಪ್ಪಚ್ಚನ್’ ಅಂದರು, ಮುಸ್ಲಿಂ ಗುಮಾಸ್ತರು ‘ವಾಪ್ಪ’ ಅಂದರು.

ನನ್ನ ಸರದಿ ಬಂತು. “ನಾವು ‘ಅಣ್ಣ’ ಅಂತಿದ್ವಿ. ಚಿಕ್ಕಪ್ಪಂದಿರು ಹಾಗೆ ಕರೀತಿದ್ರು, ನಾವೂ ಕಲಿತ್ವಿ. ಮನೇಲಿ ‘ಅಪ್ಪ’ ಅಂದ್ರೆ ತಾತ. ಹಾಗಾಗಿ ನನ್ನ ಮಗಳಾದ್ರೂ ನನ್ನನ್ನ ಅಪ್ಪ ಅನ್ನಲಿ ಅಂತ ಆಸೆ” ಅಂದೆ.

“ಆಸೆ ಪಟ್ರೆ ಆಗುದಿಲ್ಲ ಮಾರಾಯ್ರೆ. ಮನೆಯವರ ಬಾಯಲ್ಲಿ ಎಂತ ಇರ್ತದೋ ಮಕ್ಕಳ ಬಾಯಿಗೆ ಅದೇ ಬರುದು” ಅಂದರು ರಾಯರು.

ಕೊನೆಗೆ ಧೈರ್ಯ ಮಾಡಿ ಆಫೀಸರ ಕೋಣೆಗೂ ಹೋದರು. ಆ ಸಿಡುಕು ಮೋರೆಯ ಆಫೀಸರು, “ಕರೆಯುವಷ್ಟು ಧೈರ್ಯ ಇರಲಿಲ್ಲ. ಬಾಗಿಲ ಹತ್ತಿರ ನಿಂತು ಕೆಮ್ಮುತ್ತಿದ್ದೆ” ಅಂದರಂತೆ.

ರಾಯರು ಹೊರಗೆ ಬಂದು ‘ಕೆಮ್ಮು’ ಅಂತ ಬರೆದುಕೊಂಡರು.

೨. ಕೊಡೆ

ರಾಯರ ಮಾತು ನಿಜವಾಯಿತು. ಕೊಚ್ಚಿಯ ಪಾಲಾರಿವಟ್ಟಂನ ಬಾಡಿಗೆ ಮನೆಯಲ್ಲಿ ನಾವು ಮೂವರೇ. ನನ್ನ ಹೆಂಡತಿ ಗಂಡನ ಹೆಸರು ಹೇಳುವವಳಲ್ಲ. ಅವಳಿಗೆ ಎಲ್ಲದಕ್ಕೂ ಒಂದೇ ಕರೆ, “ಏನೂಂದ್ರೆ!” ಒಂದು ಬೆಳಿಗ್ಗೆ ಕೊಡೆ ಮರೆತು ಗೇಟು ದಾಟಿದ್ದೇನೆ, ಕಿಟಕಿಯಿಂದ ಎರಡು ವರ್ಷದ ಪುಟ್ಟಿ ಅಮ್ಮನ ರಾಗದಲ್ಲೇ ಕೂಗಿದಳು: “ಏನೂಂದ್ರೆ! ಕೊಡೆ!”

ಮಗಳು ನನ್ನನ್ನು ಕರೆದ ಮೊದಲ ಕರೆ ಅದು. ಕಣ್ಣಲ್ಲಿ ನೀರು ಬಂತು, ಆದರೆ ಅದು ‘ಅಪ್ಪ’ ಆಗಿರಲಿಲ್ಲ. ಮನೆಯ ಒಡತಿ ಮಲಯಾಳಿ ಅಮ್ಮ ಇದನ್ನೆಲ್ಲ ಜಗಲಿಯಿಂದ ಕೇಳುತ್ತಿದ್ದರು. ತಾಯಿಯೂ ಮಗಳೂ ಕೂಗುತ್ತಾರೆ ಅಂದಮೇಲೆ ಅದೇ ನನ್ನ ಹೆಸರು ಅಂತ ತೀರ್ಮಾನಿಸಿಬಿಟ್ಟರು.

ಮರುದಿನ ಅಂಚೆಯವನಿಂದ ಕಾಗದ ಇಸಿದುಕೊಂಡು ಬೀದಿಗೆಲ್ಲ ಕೇಳುವಂತೆ ಕರೆದರು: “ಏನೂಂದ್ರೆ ಸಾರೇ!”

೩. ಸತ್ಯಾಗ್ರಹ

‘ಅಪ್ಪ’ ಅನ್ನುವ ತನಕ ಓಗೊಡುವುದಿಲ್ಲ ಅಂತ ಹಟ ಹಿಡಿದೆ. ಭಾನುವಾರ ಪೇಪರು ಹಿಡಿದು ಕೂತೆ. ಪುಟ್ಟಿ ಒಂದು ಸಲ ಕರೆದಳು, ಎರಡು ಸಲ ಕರೆದಳು. ನಾನು ಜಪ್ಪಯ್ಯ ಅನ್ನಲಿಲ್ಲ. ಮೂರನೆಯ ಸಲಕ್ಕೆ ಹತ್ತಿರ ಬಂದು ನನ್ನ ಕಿವಿ ಹಿಡಿದು ಒಳಗೆ ಇಣುಕಿದಳು. ಆಮೇಲೆ ಗಂಭೀರವಾಗಿ ಅಡುಗೆಮನೆಗೆ ಹೋಗಿ ವರದಿ ಒಪ್ಪಿಸಿದಳು:

“ಅಮ್ಮಾ, ಏನೂಂದ್ರೆಗೆ ಕಿವಿ ಕೆಟ್ಟೋಗಿದೆ.”

೪. ಹುಲಿಯ ಮುಂದೆ

ಮುಂದಿನ ವರ್ಷ ತಿರುವನಂತಪುರಕ್ಕೆ ವರ್ಗವಾಯಿತು. ಉಳ್ಳೂರಿನಲ್ಲಿ ಮನೆ ಮಾಡಿದೆವು. ಅಷ್ಟರಲ್ಲಿ ಹೆಂಡತಿ ಹೇಳಿಸಿ ಹೇಳಿಸಿ ಪುಟ್ಟಿಯ ಬಾಯಲ್ಲಿ ‘ಅಪ್ಪ’ ಕೂರಿಸಿದ್ದಳು. ಗೆದ್ದೆ ಅಂತ ಬೀಗಿದೆ. ಆ ಖುಷಿಗೇ ಒಂದು ಭಾನುವಾರ ಇಬ್ಬರನ್ನೂ ಮೃಗಾಲಯಕ್ಕೆ ಕರೆದುಕೊಂಡು ಹೋದೆ. ಹುಲಿಯ ಬೋನಿನ ಮುಂದೆ ಜನವೋ ಜನ. ಒಂದು ಗಳಿಗೆ ಕೈ ಬಿಟ್ಟಿದ್ದೇ ತಡ, ಪುಟ್ಟಿ ಇಲ್ಲ!

ಹೆಂಡತಿ ಒಂದು ಕಡೆ ಓಡಿದಳು, ನಾನೊಂದು ಕಡೆ. ಎಲ್ಲಿ ನೋಡಿದರೂ ಮಕ್ಕಳು, ಅರ್ಧ ಮಕ್ಕಳು “ಅಚ್ಛಾ” ಅಂತಿವೆ, ಇನ್ನರ್ಧ “ಅಪ್ಪಾ” ಅಂತಿವೆ. ಅದರಲ್ಲಿ ನನ್ನ ‘ಅಪ್ಪಾ’ ಯಾವುದು? ದೇವರೇ, ಏನಾದರೂ ಅನ್ನಲಿ, ಮಗು ಸಿಕ್ಕರೆ ಸಾಕು ಅಂತ ಬೇಡಿಕೊಂಡೆ.

ಆಗ ಆ ಗದ್ದಲವನ್ನೆಲ್ಲ ಸೀಳಿಕೊಂಡು ಬಂತು: “ಏನೂಂದ್ರೆ!”

ತಲೆಗೆ ಹೊಳೆಯುವ ಮೊದಲೇ ಕಾಲು ತಿರುಗಿತ್ತು. ಬೆಂಚಿನ ಮೇಲೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟು, ಥೇಟ್ ಅಮ್ಮನ ಹಾಗೇ ನಿಂತಿದ್ದಳು ನನ್ನ ಮಗಳು. ನಾನು ಒಂದು ಕಡೆಯಿಂದ ಓಡಿದೆ. ಇನ್ನೊಂದು ಕಡೆಯಿಂದ ಪೇಟ ಕಟ್ಟಿದ ಹಿರಿಯರೊಬ್ಬರು “ಬಂದೆ ಕಣೇ, ಬಂದೆ” ಅನ್ನುತ್ತ ಓಡಿ ಬಂದರು.

ಪುಟ್ಟಿ ನನ್ನ ಕೊರಳಿಗೆ ಜೋತುಬಿದ್ದಳು. “ಅಪ್ಪಾ ಅಂತ ಎಷ್ಟು ಕೂಗ್ದೆ! ನೀನು ಬರ್ಲೇ ಇಲ್ಲ. ಅದಕ್ಕೇ ಅಮ್ಮನ ಥರ ಕರ್ದೆ.” ಮೂರು ವರ್ಷದ ಮಗುವಿನ ತಲೆ ನೋಡಿ! ಅವಳನ್ನು ಅಪ್ಪಿಕೊಂಡು ಅತ್ತೇಬಿಟ್ಟೆ.

ಹಿರಿಯರು ಪೇಟ ಸರಿಮಾಡಿಕೊಂಡು ನಾಚುತ್ತ ಅಂದರು: “ನಮ್ಮನೆಯವಳು ತುಮಕೂರಲ್ಲಿದ್ದಾಳೆ ಸ್ವಾಮಿ. ಏನು ಮಾಡೋದು, ನಲವತ್ತು ವರ್ಷದ ಅಭ್ಯಾಸ.”

ಅಷ್ಟರಲ್ಲಿ ನನ್ನ ಹೆಂಡತಿ ಏದುಸಿರು ಬಿಡುತ್ತ ದೂರದಿಂದಲೇ ಕೂಗಿದಳು: “ಏನೂಂದ್ರೆ! ಸಿಕ್ಕಿದಳಾ?”

“ಸಿಕ್ಕಿದಳು ಕಣೇ!” ಅಂದರು, ನನಗಿಂತ ಮೊದಲು ಆ ಹಿರಿಯರು.