ಕಂಪ್ಯೂಟರಿಗೊಂದು ಮಡಿ

ಕೊಪ್ಪದ ನಮ್ಮ ದೊಡ್ಡಮ್ಮನ ಮನೆಯಲ್ಲಿ ದೇವರಿಗಿಲ್ಲದ ಮಡಿ ಕಂಪ್ಯೂಟರಿಗಿದೆ! ನಗುತ್ತೀರಾ? ನಗಿ. ದೇವರ ಕೋಣೆಗೆ ಸ್ನಾನ ಮಾಡದೆ ಇಣುಕಿದರೂ ಅವಳು ಕಂಡೂ ಕಾಣದಂತಿರುತ್ತಾಳೆ. ಜೇಬಿನಲ್ಲಿ ಪೆನ್ ಡ್ರೈವ್ ಇಟ್ಟುಕೊಂಡು ಕಂಪ್ಯೂಟರಿನ ಹತ್ತಿರ ಹೋಗಿ ನೋಡಿ, ಆಗ ಗೊತ್ತಾಗುತ್ತದೆ ನಿಮ್ಮ ಗ್ರಹಚಾರ.

ಆ ಕಂಪ್ಯೂಟರ್ ಎಷ್ಟು ಹಳೆಯದೆಂದರೆ, ಗುಂಡಿ ಒತ್ತಿ, ಕಾಫಿಗೆ ನೀರಿಟ್ಟು, ಕುಡಿದು, ಲೋಟ ತೊಳೆದು ಬಂದರೂ ಅದಿನ್ನೂ ಏಳಲೋ ಬೇಡವೋ ಎಂದು ಯೋಚಿಸುತ್ತಿರುತ್ತದೆ. ಆದರೆ ಅದರ ಹೊಟ್ಟೆಯಲ್ಲಿ ಹಾಡುಗಳಿವೆ. ದೊಡ್ಡಮ್ಮ ನೆಮ್ಮಾರಿನಿಂದ ಹಿರೇಕೊಡಿಗೆಯವರೆಗೆ ಮದುವೆಮನೆಗಳನ್ನು ಅಲೆದು, ಮುದುಕಿಯರನ್ನು ಕಾಡಿ ಬೇಡಿ ಹಾಡಿಸಿ ತುಂಬಿಸಿಟ್ಟ ಹಸೆಹಾಡು, ಆರತಿಹಾಡು. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ. ಸಿ.ಡಿ.ಗೆ ಹಾಕಿಟ್ಟ ಪ್ರತಿಗಳಿಗೆ ಬೂಷ್ಟು ಹಿಡಿಯಿತು. ಹೊಸ ಹಾರ್ಡ್ ಡಿಸ್ಕ್ ತರುತ್ತೇನೆಂದರೆ, ಅದು ಯಾವ್ಯಾವ ಕಂಪ್ಯೂಟರ್ ಹೊಕ್ಕು ಬಂದದ್ದೋ ಎಂದು ಮೂಗು ಮುರಿದಳು. ಹೀಗಾಗಿ ಒಂದು ವೈರಸ್ ಒಳಗೆ ಬಂದರೆ ಆ ಹಾಡುಗಳೆಲ್ಲ ಹೋದಂತೆಯೇ. ಅವಳಿಗೆ ಅದೇ ಹೆದರಿಕೆ.

ಸರಿ, ಆಂಟಿವೈರಸ್ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಗಂಡು ನೋಡುವಾಗಲೂ ಇಷ್ಟು ಪರೀಕ್ಷೆ ನಡೆದಿರಲಿಲ್ಲ! ಮೊದಲನೆಯದು ಬಲು ಹೆಸರುವಾಸಿ. ಹಾಕಿದ್ದೇ ತಡ, ಕಂಪ್ಯೂಟರ್ ಏದುಸಿರು ಬಿಡತೊಡಗಿತು, ಹಾಡು ಅಕ್ಷರಕ್ಕೊಮ್ಮೆ ನಿಂತಿತು. ಇರುವ ಅಷ್ಟಿಷ್ಟು ಮೆಮೊರಿಯನ್ನೂ ಇದೇ ತಿನ್ನುತ್ತಿದೆ ಎಂದು ವಿವರಿಸಿದೆ.

"ಮನೆ ಕಾಯೋ ನಾಯಿ ಮನೆಯವ್ರ ಅನ್ನಾನೂ ಉಂಡ್ರೆ ಎಂತ ಮಾಡೂದು ಮಾರಾಯ? ತೆಗಿ ಅದನ್ನ" ಎಂದಳು.

ಎರಡನೆಯದು ಮಿತಾಹಾರಿ, ಆದರೆ ಬಾಯಿಬಡುಕ. ಆರತಿಹಾಡಿನ ನಡುವೆ ಟಣ್ ಎಂದು ಎದ್ದು, ನಿಮಗೆ ಅಪಾಯವಿದೆ, ದೊಡ್ಡ ಪ್ಯಾಕೇಜ್ ಕೊಳ್ಳಿ ಎನ್ನುತ್ತಿತ್ತು. ಅದಕ್ಕೂ ಗೇಟ್‌ಪಾಸ್. ಮೂರನೆಯದು ಸಣ್ಣದು, ಸಾಧು, ಇದ್ದದ್ದೇ ತಿಳಿಯದು. ದೊಡ್ಡಮ್ಮ ಒಪ್ಪಿದಳು. ಒಪ್ಪಿದ ಮರುದಿನವೇ ಅನುಮಾನ ಶುರುವಾಯಿತು: ಇದು ಕಾಯುತ್ತಿದೆಯೋ, ಮಲಗಿದೆಯೋ?

ಆ ಅನುಮಾನದಿಂದ ಹುಟ್ಟಿದ್ದೇ ಮಡಿ. ಇಂಟರ್‌ನೆಟ್ ತಂತಿಯನ್ನು ಕಿತ್ತು ಸುತ್ತಿಟ್ಟಳು. ಅಪ್‌ಡೇಟ್ ಮಾಡುವಾಗ ಮಾತ್ರ ಅದಕ್ಕೆ ಪ್ರವೇಶ. ಬಂದವರು ಚಪ್ಪಲಿ, ಛತ್ರಿ, ಪೆನ್ ಡ್ರೈವ್ ಮೂರನ್ನೂ ಜಗುಲಿಯಲ್ಲೇ ಬಿಡಬೇಕು. ಮಡಿಪಂಚೆ ಉಟ್ಟು ಬಂದ ಪುರೋಹಿತರ ಪೆನ್ ಡ್ರೈವೂ ಮೈಲಿಗೆಯೇ! ನನ್ನದನ್ನಂತೂ ಒಮ್ಮೆ ವೈರಸ್ ಸಾಯಲಿ ಎಂದು ಹಪ್ಪಳದ ಪಕ್ಕ ಬಿಸಿಲಿಗೆ ಇಟ್ಟಿದ್ದಳು. ವೈರಸ್ ಸತ್ತಿತೋ ಇಲ್ಲವೋ, ಪೆನ್ ಡ್ರೈವ್ ಅಂತೂ ಸತ್ತಿತು.

ಮೊನ್ನೆ ಪಕ್ಕದ ಮನೆಯ ಜಮೀಲಾ ಬಂದರು. ಹೊಲಿಗೆ ಮಾಡುವವರು, ತವರು ನರಸಿಂಹರಾಜಪುರ. ಅವರ ತಾಯಿ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಯಾವುದೋ ಮದುವೆಯಲ್ಲಿ ತಾಯಿ ಹಾಡಿದ್ದು ಪೆನ್ ಡ್ರೈವಿನಲ್ಲಿದೆಯಂತೆ. ತುಂಬ ವೈರಸ್ ಇದೆ, ಎಲ್ಲ ಅಳಿಸದೆ ದಾರಿಯಿಲ್ಲ ಎಂದು ಪೇಟೆಯ ಅಂಗಡಿಯವನು ಕೈಚೆಲ್ಲಿದನಂತೆ. ಪದ್ಧತಿ ಗೊತ್ತಿದ್ದ ಜಮೀಲಾ ಅದನ್ನು ಜಗುಲಿಯಲ್ಲಿಟ್ಟೇ ಒಳಗೆ ಬಂದು, ನಿಮ್ಮಿಂದ ಏನಾದರೂ ಆಗುತ್ತದೆಯೇ ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಜಗುಲಿಗೆ ಹೋಗಿ ಅದನ್ನು ತಂದಳು. ಸೀದಾ ಕಂಪ್ಯೂಟರಿನ ಬಳಿಗೆ!

"ಬೇಡ ದೊಡ್ಡಮ್ಮ, ಇದ್ದ ಹಾಡೆಲ್ಲ ಹೋಗ್ತದೆ" ಎಂದೆ.

"ಇದೂ ಹಾಡೇ ಅಲ್ದ ಮಾರಾಯ?" ಎಂದವಳು ಚುಚ್ಚಿಯೇಬಿಟ್ಟಳು.

ನಮ್ಮ ಸಾಧು ಆಂಟಿವೈರಸ್ ಮೊದಲ ಸಲ ಕೆಂಪಾಯಿತು. ಒಂದಾದ ಮೇಲೊಂದನ್ನು ಹಿಡಿದು ಹಾಕತೊಡಗಿತು. ದೊಡ್ಡಮ್ಮ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಕೊನೆಗೆ ಉಳಿದದ್ದು ಒಂದೇ ಫೈಲು. ಒತ್ತಿದೆ. ಮದುವೆಮನೆಯ ಗದ್ದಲದ ನಡುವಿನಿಂದ ಮುದುಕಿಯೊಬ್ಬಳ ದನಿ ಎದ್ದು ಬಂತು. ಜಮೀಲಾ ಗೋಡೆಗೆ ಒರಗಿ ಅತ್ತರು. ನನಗೂ ತಡೆಯಲಾಗಲಿಲ್ಲ.

ಹಾಡು ಮುಗಿಯಿತು. ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕೂತು, ತನ್ನ ಹಾಡುಗಳ ಫೋಲ್ಡರ್ ತೆರೆದು, ಆ ಹಾಡನ್ನೂ ಅವುಗಳ ಜೊತೆಗೆ ಸೇರಿಸಿ, ಕನ್ನಡಕ ಸರಿಮಾಡಿಕೊಂಡಳು.

"ನಿನ್ನ ಅಮ್ಮನ ಹೆಸರು ಹೇಳು ಮಾರಾಯ್ತಿ" ಎಂದಳು, "ಬರೀಬೇಕು."